ಜಾಕೆಟ್ ಒಬ್ಬನದು, ಪದಕ ಇನ್ನೊಬ್ಬನದು

ಎರಡನೆಯ ಮಹಾಯುದ್ಧದ ಅಮೆರಿಕನ್ ಸಮವಸ್ತ್ರ, ಪದಕ, ತೋಳಿನ ಪ್ಯಾಚುಗಳನ್ನು ಕೂಡಿಡುವ ಹವ್ಯಾಸ ನಿಮಗಿದ್ದರೆ, ಅದರಲ್ಲೂ ಚೀನಾ-ಬರ್ಮಾ-ಇಂಡಿಯಾ ರಣರಂಗದ ವಸ್ತುಗಳನ್ನು ಹುಡುಕುತ್ತಿದ್ದರೆ, ದಯವಿಟ್ಟು ಇದನ್ನು ಓದಿ. ಅಮೆರಿಕದಲ್ಲಿ ನೆಲೆಸಿರುವ ನಮ್ಮವರಲ್ಲಿ ಈ ಹವ್ಯಾಸ ಹಿಡಿದವರು ಸಾಮಾನ್ಯವಾಗಿ ಇದೇ ರಣರಂಗದ ಕಡೆಗೆ ವಾಲುತ್ತಾರೆ. ಕಾರಣ ಸ್ಪಷ್ಟ. ಆ ಪ್ಯಾಚುಗಳಲ್ಲಿ ಎಷ್ಟೋ ಕಲ್ಕತ್ತೆಯ, ಅಸ್ಸಾಮಿನ ದರ್ಜಿಗಳ ಕೈಯಲ್ಲಿ ಹೊಲಿಸಿಕೊಂಡವು. ಜರಿಯಲ್ಲಿ, ರೇಷ್ಮೆಯಲ್ಲಿ, ಬಣ್ಣ ಬಳಿದ ಚರ್ಮದಲ್ಲಿ ಸ್ಥಳೀಯವಾಗಿ ತಯಾರಾದ ಅವು ಒಂದರಂತೆ ಇನ್ನೊಂದು ಇರುವುದಿಲ್ಲ. ಮೋಸಗಾರರಿಗೆ ಬೇಕಾದದ್ದೂ ಇದೇ. ಅಮೆರಿಕದ ಕಾರ್ಖಾನೆಯ ಪ್ಯಾಚಿಗೆ ಹೋಲಿಸಿ ನೋಡಲು ಮಾದರಿ ಇರುತ್ತದೆ. ಬಜಾರಿನಲ್ಲಿ ಕೈಯಿಂದ ಹೊಲಿದದ್ದಕ್ಕೆ ಯಾವ ಮಾದರಿ?

ನಾನು ಕೊಂಡದ್ದು ಒಂದು 'ಪೂರ್ಣ ಸೆಟ್'. ಓಹಾಯೋದ ಒಂದು ಸಣ್ಣ ಊರಿನಲ್ಲಿ ನಡೆಯುವ ಸೇನಾ ವಸ್ತುಗಳ ಸಂತೆಯಲ್ಲಿ, ದೊಡ್ಡ ಮೇಜು ಹಾಕಿಕೊಂಡಿದ್ದ ಹಿರಿಯ ವ್ಯಾಪಾರಿಯೊಬ್ಬರಿಂದ. ಸಂಗ್ರಾಹಕರು ಐಕ್ ಜಾಕೆಟ್ ಎಂದು ಕರೆಯುವ, ಸೊಂಟದವರೆಗೆ ಮಾತ್ರ ಬರುವ 1944ರ ಮಾದರಿಯ ಉಣ್ಣೆಯ ಜಾಕೆಟ್. ಎಡತೋಳಿನಲ್ಲಿ ಕೆಂಪು-ಬಿಳಿ ಪಟ್ಟೆಗಳ ಮೇಲೆ ಚೀನಾದ ಸೂರ್ಯ ಮತ್ತು ಭಾರತದ ನಕ್ಷತ್ರವಿರುವ ಗುರಾಣಿಯಾಕಾರದ ಜರಿಯ ಪ್ಯಾಚ್. ಎದೆಯ ಮೇಲೆ, ಒಂದೊಂದೂ ಒಂದು ಪದಕವನ್ನು ಸೂಚಿಸುವ ಬಣ್ಣದ ರಿಬ್ಬನ್ನುಗಳು. ಜೊತೆಗೆ ಪೆಟ್ಟಿಗೆಯಲ್ಲಿ, ಹಿಂಬದಿಯಲ್ಲಿ ಹೆಸರು ಕೆತ್ತಿದ, ಯುದ್ಧದಲ್ಲಿ ಗಾಯಗೊಂಡವರಿಗೆ ಮತ್ತು ಸತ್ತವರಿಗೆ ಕೊಡುವ ಪರ್ಪಲ್ ಹಾರ್ಟ್ ಪದಕ. ಬೆಲೆ 1,100 ಡಾಲರ್. ಪ್ಯಾಚ್ ಇಲ್ಲದ ಬರಿಯ ಜಾಕೆಟ್ಟು ನೂರು ಡಾಲರಿನ ಆಸುಪಾಸಿನಲ್ಲಿ ಸಿಗುತ್ತದೆ. ಉಳಿದ ಸಾವಿರ ಡಾಲರ್ ಕೊಟ್ಟದ್ದು ಆ ವಸ್ತುಗಳೆಲ್ಲ ಒಬ್ಬನವೇ ಎಂಬ ಮಾತಿಗೆ.

ಆ ಮಾತು ಹುಟ್ಟಿದ ಬಗೆಯನ್ನು ಗಮನಿಸಿ. ಮೇಜಿನ ಬಳಿ ನಿಂತಾಗ ಅವರು ಮೊದಲು ಕೇಳಿದ್ದು ನನ್ನ ಊರನ್ನು. ಬೆಂಗಳೂರು ಎಂದೆ. ಜಾಕೆಟ್ಟಿನ ಕಥೆ ಅದಾದ ಮೇಲೆ ಬಂತು: ಇದನ್ನು ತೊಟ್ಟವನು ವಾಯುಪಡೆಯ ಮೆಕ್ಯಾನಿಕ್, ಬೆಂಗಳೂರಿನಲ್ಲಿ ವಿಮಾನ ರಿಪೇರಿ ಮಾಡುತ್ತಿದ್ದವನು, ಅಸ್ಸಾಮಿನ ವಿಮಾನ ನೆಲೆಯಲ್ಲಿ ಜಪಾನಿಯರ ಬಾಂಬಿಗೆ ಸಿಕ್ಕಿ ಗಾಯಗೊಂಡವನು, 1945ರ ಡಿಸೆಂಬರಿನಲ್ಲಿ ಮನೆಗೆ ಮರಳಿ ಮತ್ತೆಂದೂ ಸಮವಸ್ತ್ರ ತೊಡದವನು. ಈ ಕಥೆಗೆ ಹಿನ್ನೆಲೆಯಾಗಿದ್ದ ಇತಿಹಾಸ ನಿಜವಾದದ್ದೇ. ನಮ್ಮ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು 1943ರಲ್ಲಿ ಅಮೆರಿಕದ ಸೇನಾ ವಾಯುಪಡೆಗೆ ವಹಿಸಲಾಗಿತ್ತು. 84ನೇ ಏರ್ ಡಿಪೋ ಎಂಬ ಹೆಸರಿನಲ್ಲಿ ಅಲ್ಲಿ ಸಿ-47, ಕ್ಯಾಟಲಿನಾ ಮೊದಲಾದ ವಿಮಾನಗಳ ದುರಸ್ತಿ ನಡೆಯುತ್ತಿತ್ತು. ಅಸ್ಸಾಮಿನ ನೆಲೆಗಳ ಮೇಲೆ 1942ರ ಅಕ್ಟೋಬರಿನಲ್ಲಿ ಜಪಾನಿ ದಾಳಿ ನಡೆದದ್ದೂ ಹೌದು. ನುರಿತ ಮೋಸಗಾರ ಇತಿಹಾಸವನ್ನು ಸುಳ್ಳು ಹೇಳುವುದಿಲ್ಲ; ನಿಜವಾದ ಇತಿಹಾಸದೊಳಕ್ಕೆ ಇಲ್ಲದ ಮನುಷ್ಯನೊಬ್ಬನನ್ನು ತಂದು ಕೂರಿಸುತ್ತಾನೆ. ಅದೇ ಸಂತೆಗೆ ಬಂದಿದ್ದ ಪರಿಚಿತ ಸಂಗ್ರಾಹಕರೊಬ್ಬರಿಗೆ ಅದೇ ದಿನ ಬೆಳಿಗ್ಗೆ ಅದೇ ಜಾಕೆಟ್ಟನ್ನು ಅಸ್ಸಾಮಿನಿಂದ ಬರ್ಮಾದೊಳಕ್ಕೆ ಲೆಡೊ ರಸ್ತೆ ಕಡಿದ ಎಂಜಿನಿಯರ್ ಪಡೆಯವನದು ಎಂದು ತೋರಿಸಿದ್ದರಂತೆ. ಇದು ನನಗೆ ತಿಳಿದದ್ದು ಬಹಳ ತಡವಾಗಿ.

ಸುಳ್ಳು ಬಿಚ್ಚಿಕೊಂಡ ಬಗೆಯನ್ನು ವಿವರವಾಗಿ ಬರೆಯುತ್ತೇನೆ, ಏಕೆಂದರೆ ಈ ಒಂದೊಂದು ಪರೀಕ್ಷೆಯನ್ನೂ ನೀವು ಮೇಜಿನ ಮುಂದೆಯೇ ಅಥವಾ ಮನೆಯ ಫೋನಿನಲ್ಲೇ ಮಾಡಬಹುದು.

ಮೊದಲನೆಯದು ರಿಬ್ಬನ್. ಎದೆಯ ಮೇಲೆ ಏಷ್ಯಾ-ಪೆಸಿಫಿಕ್ ರಣರಂಗದ ಹಳದಿ ಛಾಯೆಯ ರಿಬ್ಬನ್ ಇತ್ತು, ಅದು ಸರಿ. ಅದರ ಪಕ್ಕದಲ್ಲಿ ನಡುವೆ ಅಗಲವಾದ ಹಳದಿ ಪಟ್ಟೆಯಿರುವ ಕೆಂಪು ರಿಬ್ಬನ್ ಇತ್ತು. ಅದು ನ್ಯಾಷನಲ್ ಡಿಫೆನ್ಸ್ ಸರ್ವಿಸ್ ಪದಕದ್ದು. ಆ ಪದಕ ಸ್ಥಾಪನೆಯಾದದ್ದು 1953ರಲ್ಲಿ. ಸ್ಥಾಪನೆಗೂ ಮುಂಚಿನ ಸೇವೆಗೆ ಕೊಟ್ಟದ್ದನ್ನು ಸೇರಿಸಿದರೂ ಅದು ಕೊರಿಯಾ ಯುದ್ಧ ಆರಂಭವಾದ 1950ರ ಜೂನ್‌ಗಿಂತ ಹಿಂದಕ್ಕೆ ಹೋಗುವುದಿಲ್ಲ. 1945ರಲ್ಲಿ ಸೇನೆ ಬಿಟ್ಟವನ ಎದೆಯ ಮೇಲೆ ಅದು ಇರಲು ಸಾಧ್ಯವೇ ಇಲ್ಲ. ಬಣ್ಣ ಚೆನ್ನಾಗಿ ಕಾಣಲಿ ಎಂದು ಯಾರೋ ಸೇರಿಸಿದ್ದಾರೆ.

ಆಮೇಲೆ ಪ್ಯಾಚ್. ಅತಿನೇರಳೆ ಟಾರ್ಚಿನ ಬೆಳಕು ಬಿದ್ದ ಕೂಡಲೇ ಬಿಳಿ ಪಟ್ಟೆಗಳು ನೀಲಿಯಾಗಿ ಹೊಳೆದವು. ದಾರಕ್ಕೆ ಬೆಳ್ಳಗಿನ ಹೊಳಪು ಕೊಡುವ ರಾಸಾಯನಿಕಗಳು ಬಳಕೆಗೆ ಬಂದದ್ದು ಯುದ್ಧದ ನಂತರ. ಆದರೆ ಈ ಪರೀಕ್ಷೆಯೊಂದನ್ನೇ ನಂಬಿ ತೀರ್ಪು ಕೊಡಬೇಡಿ: ಹಳೆಯ ಅಸಲಿ ಪ್ಯಾಚನ್ನು ಈಗಿನ ಡಿಟರ್ಜೆಂಟಿನಲ್ಲಿ ಒಗೆದಿದ್ದರೆ ಅದೂ ಹೊಳೆಯುತ್ತದೆ, ಹೊಳೆಯದ ಹತ್ತಿ ದಾರದಲ್ಲಿ ನಿನ್ನೆ ಹೊಲಿದ ನಕಲಿಯೂ ಇರುತ್ತದೆ. ಹಾಗಾಗಿ ಹಿಂಬದಿಯಿಂದ ಕಿತ್ತುಬಂದಿದ್ದ ಒಂದು ಎಳೆಯನ್ನು ಬೆಂಕಿಗೆ ಹಿಡಿದೆ. ಹತ್ತಿಯಾಗಿದ್ದರೆ ಕಾಗದದಂತೆ ಉರಿದು ಬೂದಿಯಾಗಬೇಕು. ರೇಷ್ಮೆ ಅಥವಾ ಉಣ್ಣೆಯಾಗಿದ್ದರೆ ಕೂದಲು ಸುಟ್ಟ ವಾಸನೆ ಬರಬೇಕು. ಇದು ಕರಗಿ, ಕಪ್ಪಾಗಿ, ಗಟ್ಟಿ ಮಣಿಯಾಯಿತು. ಪಾಲಿಯೆಸ್ಟರ್. ಜರಿಯ ಸೇನಾ ಲಾಂಛನಗಳನ್ನು ಹೊಲಿಯುವ ಅದ್ಭುತ ಕುಶಲಕರ್ಮಿಗಳು ಇಂದಿಗೂ ಭಾರತದಲ್ಲಿದ್ದಾರೆ, ಪಾಕಿಸ್ತಾನದ ಸಿಯಾಲ್‌ಕೋಟ್ ಈ ಕೆಲಸಕ್ಕೇ ಹೆಸರಾದ ಊರು. ಅವರು ಮಾಡುವುದು ನ್ಯಾಯವಾದ ದುಡಿಮೆ. ಹೊಸದನ್ನು ಹೊಸದೆಂದು ಮಾರುವವರೆಗೆ ಅದರಲ್ಲಿ ತಪ್ಪೇನೂ ಇಲ್ಲ. ಅದನ್ನು ಟೀ ನೀರಿನಲ್ಲಿ ಅದ್ದಿ, ಉಜ್ಜಿ, ಎಂಬತ್ತು ವರ್ಷ ಹಿಂದಕ್ಕೆ ತಳ್ಳುವವನು ಬೇರೆ.

ಜಾಕೆಟ್ ಮಾತ್ರ ನಿಜಕ್ಕೂ ಹಳೆಯದು. ಒಳಜೇಬಿನ ಲೇಬಲ್ಲಿನಲ್ಲಿ ಗುತ್ತಿಗೆಯ ದಿನಾಂಕ 1945ರ ಜನವರಿ ಎಂದಿತ್ತು. ಲೇಬಲ್ ಓದುವುದನ್ನು ಎಲ್ಲಕ್ಕಿಂತ ಮೊದಲು ಕಲಿಯಿರಿ. ನಂತರದ ಕಾಲದ ಬಟ್ಟೆಗಳಲ್ಲಿ, ಸೇನೆಗೆ ಸರಕು ಪೂರೈಸುವ ಇಲಾಖೆಯ ಡಿಎಸ್ಎ 100-67 ಎಂಬಂಥ ಗುತ್ತಿಗೆ ಸಂಖ್ಯೆಯಿದ್ದರೆ ಅದು 1967ರ ಆರ್ಥಿಕ ವರ್ಷದ್ದು. ಡಿಎಲ್ಎ ಎಂದಿದ್ದರೆ 1977ರ ನಂತರದ್ದು, ಏಕೆಂದರೆ ಆ ಇಲಾಖೆಯ ಹೆಸರು ಬದಲಾದದ್ದು ಆ ವರ್ಷ. ದಾಸ್ತಾನು ಸಂಖ್ಯೆಯಲ್ಲಿ 11 ಅಂಕಿಗಳ ಬದಲು 13 ಅಂಕಿಗಳಿದ್ದರೆ ಅದು 1974ಕ್ಕಿಂತ ಹಿಂದಿನದಲ್ಲ. ವಿಯೆಟ್ನಾಂ ಯುದ್ಧದ್ದೆಂದು ಮಾರುವ ಎಷ್ಟೋ ಅಂಗಿಗಳ ಬಣ್ಣ ಈ ಒಂದು ಸಾಲಿನಿಂದಲೇ ಬಯಲಾಗುತ್ತದೆ.

ನನ್ನ ಜಾಕೆಟ್ಟಿನ ಕೊರಳಪಟ್ಟಿಯ ಒಳಗೆ ದೋಬಿ ಗುರುತೂ ಇತ್ತು. ಒಗೆತಕ್ಕೆ ಹಾಕುವಾಗ ಬಟ್ಟೆ ಅದಲುಬದಲಾಗದಿರಲು ಸೈನಿಕರು ತಮ್ಮ ಮನೆತನದ ಹೆಸರಿನ ಮೊದಲ ಅಕ್ಷರವನ್ನೂ ಸೇನಾ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳನ್ನೂ ಮಸಿಯಲ್ಲಿ ಒತ್ತುತ್ತಿದ್ದರು. ಜಾಕೆಟ್ಟಿನ ಗುರುತಿನ ಅಕ್ಷರ ಒಂದು. ಪದಕದ ಮೇಲಿನ ಮನೆತನದ ಹೆಸರಿನ ಅಕ್ಷರ ಇನ್ನೊಂದು.

ಇನ್ನು ಆ ಪದಕ. ನನ್ನ ನಿದ್ದೆ ಕೆಡಿಸಿದ್ದು ಇದೇ. ಪರ್ಪಲ್ ಹಾರ್ಟ್ 1932ರಲ್ಲಿ, ವಾಷಿಂಗ್ಟನ್ನನ 200ನೇ ಹುಟ್ಟುಹಬ್ಬದಂದು ಮರುಜೀವ ಪಡೆದ ಪದಕ. ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡವನಿಗೆ ಆಸ್ಪತ್ರೆಯ ಹಾಸಿಗೆಯ ಬಳಿ ಕೊಡುತ್ತಿದ್ದ ಪದಕದಲ್ಲಿ ಸಾಮಾನ್ಯವಾಗಿ ಹೆಸರು ಇರುತ್ತಿರಲಿಲ್ಲ. ಬೇಕಾದವರು ಊರಿಗೆ ಮರಳಿ ಕೆತ್ತಿಸಿಕೊಳ್ಳುತ್ತಿದ್ದರು. ಸರ್ಕಾರವೇ ಒಪ್ಪವಾಗಿ ಹೆಸರು ಕೆತ್ತಿಸಿ ಕಳುಹಿಸುತ್ತಿದ್ದುದು ಸತ್ತವರ ಮನೆಗೆ. ನನ್ನ ಕೈಯಲ್ಲಿದ್ದ ಕೆತ್ತನೆ ಆ ಎರಡನೆಯ ಬಗೆಯದು. ಅಪರೂಪದ ಮನೆತನದ ಹೆಸರು. ವಿದೇಶಗಳಲ್ಲಿ ಸಮಾಧಿಯಾದ ಅಮೆರಿಕನ್ ಯೋಧರ ಸಾರ್ವಜನಿಕ ಪಟ್ಟಿಯಲ್ಲಿ ಹುಡುಕಿದೆ. ಸಿಕ್ಕಿದ. 1944ರ ಫೆಬ್ರವರಿಯಲ್ಲಿ, ಆಂಜಿಯೊ ಕಾಳಗದ ದಿನಗಳಲ್ಲಿ ಸತ್ತ ಕಾಲಾಳು. ಇಟಲಿಯ ನೆಟ್ಟೂನೊ ಪಟ್ಟಣದಲ್ಲಿರುವ, 7,800ಕ್ಕೂ ಹೆಚ್ಚು ಸಮಾಧಿಗಳ ಅಮೆರಿಕನ್ ಸ್ಮಶಾನದಲ್ಲಿ ಅವನ ಸಮಾಧಿಯಿದೆ. ಭಾರತವನ್ನು ನೋಡದ ಹುಡುಗನಿಗೆ, ಅವನು ಸತ್ತು ಹನ್ನೊಂದು ತಿಂಗಳ ನಂತರ ಹೊಲಿದ ಜಾಕೆಟ್ ತೊಡಿಸಿ, ನನ್ನ ಊರಿನಲ್ಲಿ ವಿಮಾನ ರಿಪೇರಿ ಮಾಡಿಸಿದ್ದರು.

ಹೆಸರು ಒಂದೇ ಆದ ಮಾತ್ರಕ್ಕೆ ಮನುಷ್ಯ ಒಬ್ಬನೇ ಆಗಬೇಕಿಲ್ಲ ಎಂದು ವ್ಯಾಪಾರಿ ವಾದಿಸಿದರು. ಸರಿಯಾದ ಮಾತು, ಆದರೆ ಅವರ ಬಾಯಲ್ಲಿ ಅದು ತಪ್ಪಿಸಿಕೊಳ್ಳುವ ದಾರಿ. ಆಮೇಲೆ ಬಂದದ್ದು ಈ ವ್ಯಾಪಾರದಲ್ಲಿ ಎಲ್ಲರೂ ಕೇಳುವ ಮಾತು: ದಾಖಲೆಗಳೆಲ್ಲ ಬೆಂಕಿಯಲ್ಲಿ ಸುಟ್ಟುಹೋಗಿವೆ, ಏನನ್ನೂ ಸಾಬೀತು ಮಾಡಲಾಗದು. ಬೆಂಕಿ ಬಿದ್ದದ್ದು ನಿಜ. 1973ರ ಜುಲೈ 12ರಂದು ಸೇಂಟ್ ಲೂಯಿಸ್ ಬಳಿಯ ರಾಷ್ಟ್ರೀಯ ಸಿಬ್ಬಂದಿ ದಾಖಲೆ ಕೇಂದ್ರ ಹೊತ್ತಿ ಉರಿದು, 1912ರ ನವೆಂಬರಿನಿಂದ 1960ರ ಜನವರಿ 1ರವರೆಗೆ ಭೂಸೇನೆ ಬಿಟ್ಟವರ ಕಡತಗಳಲ್ಲಿ ಸುಮಾರು ಶೇಕಡಾ 80ರಷ್ಟು ನಾಶವಾದವು. ಆದರೆ ಬೇರೆ ಕಾಗದಗಳು ಉಳಿದಿವೆ. ಸುಮಾರು 90 ಲಕ್ಷ ಸೈನಿಕರ ಸೇರ್ಪಡೆಯ ವಿವರಗಳು ಅಮೆರಿಕದ ರಾಷ್ಟ್ರೀಯ ಪತ್ರಾಗಾರದಲ್ಲಿ ಉಚಿತವಾಗಿ ಹುಡುಕಲು ಸಿಗುತ್ತವೆ. ತುಕಡಿಗಳ ದಿನವಹಿಗಳಿವೆ. ಸೇನೆಯಿಂದ ಬಿಡುಗಡೆಯಾದವರು ಎಷ್ಟೋ ಮಂದಿ ತಮ್ಮ ಬಿಡುಗಡೆ ಪತ್ರವನ್ನು ಕೌಂಟಿ ಕಚೇರಿಯಲ್ಲಿ ನೋಂದಾಯಿಸಿದ್ದಾರೆ. ಸತ್ತವರ ಅಂತಿಮ ಸಂಸ್ಕಾರದ ಕಡತಗಳು ಆ ಬೆಂಕಿಗೆ ಸಿಗಲೇ ಇಲ್ಲ. ನನ್ನ ಸೈನಿಕನ ಕಡತವೂ ಹಾಗೆಯೇ ದೊರೆಯಿತು. ಊರು, ಸೇನಾ ಸಂಖ್ಯೆ, ತಾಯಿಯ ವಿಳಾಸ ಎಲ್ಲವೂ ಅದರಲ್ಲಿದ್ದವು. ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳು ಜಾಕೆಟ್ಟಿನ ಗುರುತಿಗೆ ಹೊಂದಲಿಲ್ಲ.

ಬೆಂಕಿಯ ಮಾತು ಎತ್ತಿದ ವ್ಯಾಪಾರಿಯ ಬಳಿ ಸೇನಾ ಸಂಖ್ಯೆ ಕೇಳಿ. ಕಾಗದ ತೋರಿಸಿದರೆ ಅದರ ನಮೂನೆ ನೋಡಿ: 1945ರಲ್ಲಿ ಭೂಸೇನೆ ಬಿಟ್ಟ, ಅಧಿಕಾರಿಯಲ್ಲದ ಸೈನಿಕನ ಕೈಗೆ ಬರುತ್ತಿದ್ದುದು 53-55 ಸಂಖ್ಯೆಯ ನಮೂನೆ, ಇಂದಿನ ಬಿಡುಗಡೆ ಪತ್ರವಾದ ಡಿಡಿ 214 ಬಂದದ್ದು 1950ರಲ್ಲಿ.

ಹಣ ವಾಪಸಾಗಲಿಲ್ಲ. ಮೊಬೈಲಿನಲ್ಲಿ ಹಣ ಕಳುಹಿಸುವಾಗ 'ಸ್ನೇಹಿತರಿಗೆ' ಎಂಬ ಆಯ್ಕೆಯನ್ನೇ ಒತ್ತಬೇಕೆಂದು ಅವರು ಕೇಳಿಕೊಂಡಿದ್ದರು, ಶುಲ್ಕ ಉಳಿಯುತ್ತದೆ ಎಂಬ ನೆಪದಲ್ಲಿ. ಆ ಆಯ್ಕೆಯಲ್ಲಿ ಕೊಳ್ಳುವವನಿಗೆ ಯಾವ ರಕ್ಷಣೆಯೂ ಇಲ್ಲ. ರಸೀತಿಯಲ್ಲಿ 'ಹಳೆಯ ಜಾಕೆಟ್, ಪದಕ' ಎಂದಷ್ಟೇ ಬರೆದಿತ್ತು. ಯಾರಾದರೂ ಒಂದು ಹೆಸರಿಗಾಗಿ, ಒಂದು ತುಕಡಿಗಾಗಿ ಹೆಚ್ಚಿನ ಬೆಲೆ ಕೇಳಿದರೆ ಆ ಹೆಸರನ್ನೂ ತುಕಡಿಯನ್ನೂ ರಸೀತಿಯಲ್ಲಿ ಬರೆಸಿ, ಸುಳ್ಳಾದರೆ ಹಿಂದಕ್ಕೆ ಪಡೆಯುತ್ತೇನೆ ಎಂದು ಸಹಿ ಹಾಕಿಸಿಕೊಳ್ಳಿ. ಬರೆಯಲು ಒಪ್ಪದವರ ಮೇಜಿನಿಂದ ಮುಂದೆ ನಡೆಯಿರಿ. ಪೊಲೀಸರ ದಾರಿಯೂ ಸುಲಭವಲ್ಲ. ಅತ್ಯುನ್ನತ ಶೌರ್ಯ ಪದಕವಾದ ಮೆಡಲ್ ಆಫ್ ಆನರ್ ಮಾರುವುದು ಅಮೆರಿಕದಲ್ಲಿ ಕೇಂದ್ರ ಕಾನೂನಿನ ಪ್ರಕಾರ ಅಪರಾಧ; ಅದನ್ನು ಯಾರಾದರೂ ತೋರಿಸಿದರೆ ಕೈಯನ್ನೂ ಹಚ್ಚಬೇಡಿ. ಆದರೆ ಪರ್ಪಲ್ ಹಾರ್ಟ್ ಮಾರಾಟಕ್ಕೆ ಅಂಥ ತಡೆಯಿಲ್ಲ.

ಹಣ ಹೋದದ್ದಕ್ಕಿಂತ ಹೆಚ್ಚು ಸಂಕಟ ಕೊಟ್ಟದ್ದು ಇನ್ನೊಂದಿದೆ. ವಾಪಸಿನ ಆಸೆ ಮುಗಿದ ಮೇಲೆ ನಕಲಿ ಪ್ಯಾಚನ್ನು ಬಿಚ್ಚಿದೆ. ಅದರಡಿಯಲ್ಲಿ ಉಣ್ಣೆಯ ಮೇಲೆ ದುಂಡಗಿನ ನೆರಳು, ಸುತ್ತಲೂ ಹಳೆಯ ಹೊಲಿಗೆಯ ಸೂಜಿತೂತುಗಳು. ವರ್ಷಗಟ್ಟಲೆ ಅಲ್ಲಿದ್ದ ಅಸಲಿ ಪ್ಯಾಚನ್ನು ಕಿತ್ತುಹಾಕಿದ್ದಾರೆ. ದುಂಡು ಪ್ಯಾಚುಗಳು ಬೇಕಾದಷ್ಟು: 8ನೇ ವಾಯುಪಡೆಯದು ದುಂಡು, 15ನೇ ವಾಯುಪಡೆಯದೂ ದುಂಡು. ಇವುಗಳಲ್ಲಿ ಯಾವುದು? ಇನ್ನು ತಿಳಿಯುವ ದಾರಿಯಿಲ್ಲ. ಒಬ್ಬ ಕಲ್ಪಿತ ಸೈನಿಕನನ್ನು ಕಟ್ಟಲು ಇಬ್ಬರು ನಿಜವಾದ ಸೈನಿಕರನ್ನು ಅಳಿಸಿದ್ದಾರೆ. ಸಂಗ್ರಾಹಕನೆಂದರೆ ನನ್ನ ಲೆಕ್ಕದಲ್ಲಿ ಒಂದು ಅಂಗಿ ಯಾರದೆಂದು ನೆನಪಿಡುವವನು. ಆ ನೆನಪನ್ನೇ ಕಿತ್ತು ಬಿಡಿಭಾಗಗಳಾಗಿ ಮಾರುವುದನ್ನು ವ್ಯಾಪಾರದ ಜಾಣತನವೆಂದು ನಗುತ್ತಾ ಹೇಳುವವರನ್ನು ಸಂತೆಗಳಲ್ಲಿ ಕಂಡಿದ್ದೇನೆ. ನನಗೆ ನಗು ಬರುವುದಿಲ್ಲ.

ಪದಕವನ್ನು, ಕಳೆದುಹೋದ ಪರ್ಪಲ್ ಹಾರ್ಟ್‌ಗಳನ್ನು ಶುಲ್ಕವಿಲ್ಲದೆ ಕುಟುಂಬಗಳಿಗೆ ಮುಟ್ಟಿಸುವ ಪರ್ಪಲ್ ಹಾರ್ಟ್ಸ್ ರಿಯುನೈಟೆಡ್ ಸಂಸ್ಥೆಗೆ ಕಡತದ ಪ್ರತಿಯೊಂದಿಗೆ ಕಳುಹಿಸಿದ್ದೇನೆ.

ಅದೇ ವ್ಯಾಪಾರಿ ಈಗಲೂ ಸಂತೆಗಳಲ್ಲಿ ಮೇಜು ಹಾಕುತ್ತಿದ್ದಾರೆ. ಗೆಳೆಯರೊಬ್ಬರು ಕಳುಹಿಸಿದ ಫೋಟೊದಲ್ಲಿ ಇನ್ನೊಂದು ಐಕ್ ಜಾಕೆಟ್, ಅದರ ಮೇಲೆ ಅದೇ ಕೈಯ ಜರಿ ಪ್ಯಾಚ್ ಇದೆ. ಗುರುತು ಹೇಳುತ್ತೇನೆ: ನಕ್ಷತ್ರದ ಕೆಳಬಲದ ಮೂಲೆ ಮೊಂಡಾಗಿದೆ, ಸೂರ್ಯನ ಕಿರಣಗಳು ಒಂದಕ್ಕೊಂದು ಅಂಟಿಕೊಂಡಿವೆ, ಹಿಂಬದಿಗೆ ಕಪ್ಪು ಬಟ್ಟೆ, ಅಂಚಿನಲ್ಲಿ ಹೊಳೆಯುವ ಬಿಳಿ ದಾರ. ಇಂಥದ್ದು ಈಗಾಗಲೇ ನಿಮ್ಮ ಬಳಿ ಇದ್ದರೆ, ಮೊದಲು ಹಿಂಬದಿಯ ಒಂದು ಎಳೆಯನ್ನು ಸುಟ್ಟು ನೋಡಿ. ಪ್ಯಾಚನ್ನು ಬಿಚ್ಚುವ ಮುನ್ನ ಜಾಕೆಟ್ಟಿನ ಲೇಬಲ್, ದೋಬಿ ಗುರುತು, ತೋಳಿನ ಒಳಬದಿಯ ಹೊಲಿಗೆ ಎಲ್ಲವುಗಳ ಫೋಟೊ ತೆಗೆದಿಟ್ಟುಕೊಳ್ಳಿ.