ಸಿಂಥ್ ಧ್ವನಿಮುದ್ರಣ: ಮಟ್ಟ ಸೊನ್ನೆಯ ಅಂಚಿಗೋ, ಕೆಳಗೋ?

ಹಾರ್ಡ್‌ವೇರ್ ಸಿಂಥಸೈಜರಿನ (ವಿದ್ಯುನ್ಮಾನ ವಾದ್ಯ) ಸದ್ದನ್ನು ಕಂಪ್ಯೂಟರಿಗೆ ಧ್ವನಿಮುದ್ರಿಸುವಾಗ ಕೆಲವರು ಮೀಟರ್ ಸೊನ್ನೆ ಡೆಸಿಬಲ್ (ಡಿಜಿಟಲ್ ಮಟ್ಟದ ಗರಿಷ್ಠ ಮಿತಿ) ಮುಟ್ಟುವಷ್ಟು ಗೇನ್ (ಒಳಬರುವ ಸದ್ದಿನ ವರ್ಧನೆ) ಏರಿಸುತ್ತಾರೆ. ಇನ್ನು ಕೆಲವರು ಸದ್ದಿನ ಶಿಖರಗಳನ್ನು ಮೈನಸ್ 12 ಡೆಸಿಬಲ್‌ನ ಆಸುಪಾಸಿನಲ್ಲಿ ನಿಲ್ಲಿಸುತ್ತಾರೆ. ನನ್ನ ಮತ ಎರಡನೆಯದಕ್ಕೆ. 16 ಬಿಟ್‌ನ ಧ್ವನಿಮುದ್ರಣದಲ್ಲಿ ಅತಿ ಮೆಲುವಿನಿಂದ ಅತಿ ಜೋರಿನವರೆಗೆ ಸಿಗುವ ವ್ಯಾಪ್ತಿ ಸುಮಾರು 96 ಡೆಸಿಬಲ್. ಅಲ್ಲಿ ಅಂಚಿನ ಆಸೆಗೆ ಅರ್ಥವಿತ್ತು. 24 ಬಿಟ್‌ನಲ್ಲಿ ಲೆಕ್ಕದ ಪ್ರಕಾರ 144. ಅದರಲ್ಲಿ 12 ಬಿಟ್ಟುಕೊಟ್ಟರೆ ಏನೂ ಮುಳುಗುವುದಿಲ್ಲ, ಸಿಂಥ್‌ನದೇ ಹಿಸ್ಸೆನ್ನುವ ಸದ್ದು ಆ ವ್ಯಾಪ್ತಿಯ ತಳಕ್ಕಿಂತ ಎಷ್ಟೋ ಮೇಲಿರುತ್ತದೆ.

ಅಂಚಿಗೆ ಹೋಗುವವರನ್ನು ಕೆಡಿಸುವುದು ಸಿಂಥ್‌ನ ಫಿಲ್ಟರ್ (ಕೆಲವು ಕಂಪನಾಂಕಗಳನ್ನು ತಗ್ಗಿಸುವ ಭಾಗ). ರೆಸೊನೆನ್ಸ್ (ಕಟ್‌ಆಫ್ ಬಳಿಯ ಕಂಪನಾಂಕಗಳನ್ನು ಉಬ್ಬಿಸುವುದು) ಏರಿಸಿ ಕಟ್‌ಆಫ್ (ಫಿಲ್ಟರ್ ತಗ್ಗಿಸಲು ತೊಡಗುವ ಕಂಪನಾಂಕ) ಗುಂಡಿಯನ್ನು ಮೆಲ್ಲಗೆ ತಿರುಗಿಸಿ ನೋಡಿ: ಸ್ವರದ ಒಂದು ಹಾರ್ಮೋನಿಕ್ (ಮೇಲಿನ ಉಪಸ್ವರ) ಸಿಕ್ಕೊಡನೆ ಮೀಟರ್ ಥಟ್ಟನೆ ಜಿಗಿಯುತ್ತದೆ. ಒಂಟಿ ಸ್ವರಕ್ಕೆ ಹೊಂದಿಸಿದ ಮಟ್ಟವನ್ನು ನಾಲ್ಕು ಸ್ವರದ ಕಾರ್ಡ್ ಸುಲಭವಾಗಿ ದಾಟುತ್ತದೆ. ಹಾಗೆ ತಲೆ ಕತ್ತರಿಸಿಹೋದ ತರಂಗ ಮರಳಿ ಬರುವುದಿಲ್ಲ. ಆದ್ದರಿಂದ ಮಟ್ಟ ಹೊಂದಿಸುವಾಗ ಹಾಡಿನ ಅತಿ ಜೋರಿನ ಭಾಗವನ್ನೇ ನುಡಿಸಬೇಕು.

ಗುಂಡಿಗಳಲ್ಲೂ ಆಯ್ಕೆಯಿದೆ. ಸಿಂಥ್‌ನ ವಾಲ್ಯೂಮ್ ತಗ್ಗಿಸಿ ಇಂಟರ್‌ಫೇಸಿನ (ಸದ್ದನ್ನು ಕಂಪ್ಯೂಟರಿಗೆ ಒಯ್ಯುವ ಪೆಟ್ಟಿಗೆ) ಗೇನ್ ಏರಿಸಿದರೆ ಗದ್ದಲವೂ ಜೊತೆಗೇ ಏರುತ್ತದೆ; ವಾಲ್ಯೂಮ್ ಮುಕ್ಕಾಲಿಗಿಟ್ಟು ಗೇನ್ ತಗ್ಗಿಸುವುದೇ ಲೇಸು. ಸಿಂಥ್‌ನ ಜ್ಯಾಕನ್ನು ಇಂಟರ್‌ಫೇಸಿನ ಲೈನ್ ಇನ್‌ಪುಟ್‌ಗೆ ಚುಚ್ಚಿ, ಗಿಟಾರಿನ ಇನ್‌ಪುಟ್‌ಗಲ್ಲ.

ಒರಟು ಧ್ವನಿಯೇ ಬೇಕಿದ್ದರೆ? ಪೆಡಲ್ಲನ್ನೋ (ಧ್ವನಿ ಬದಲಿಸುವ ಪುಟ್ಟ ಪೆಟ್ಟಿಗೆ) ಅನಲಾಗ್ ಪ್ರೀಆಂಪನ್ನೋ (ಮೊದಲ ಹಂತದ ವರ್ಧಕ) ನಡುವೆ ಸೇರಿಸಿ ಅಲ್ಲೇ ಒರಟಾಗಿಸಿ. ಮಟ್ಟ ಮಿತಿ ದಾಟಿದಾಗ ಹೊತ್ತುವ ಇಂಟರ್‌ಫೇಸಿನ ಕೆಂಪು ದೀಪದಿಂದ ಆ ಕೆಲಸ ಮಾಡಿಸಬೇಡಿ.