ಸಿಗಡಿ ಅಲರ್ಜಿಯೆಂದು ಬರೆದ ವರದಿಯನ್ನು ನಂಬುವ ಮೊದಲು

ಸೀನು, ಮೂಗು ಕಟ್ಟುವುದು, ಉಬ್ಬಸ ಮುಂತಾದ ತೊಂದರೆಗಳಿಗೆಂದು ಮಕ್ಕಳ ರಕ್ತ ಕೊಟ್ಟು 'ಅಲರ್ಜಿ ಪ್ಯಾಕೇಜ್' ಮಾಡಿಸಲು ಹೊರಟಿರುವ ಕರಾವಳಿಯ ತಂದೆತಾಯಂದಿರು ದಯವಿಟ್ಟು ಇದನ್ನು ಓದಬೇಕು. ನಮ್ಮ ಮಗಳು ಅನುಭವಿಸಿದ್ದನ್ನು ಇನ್ನೊಂದು ಮಗು ಅನುಭವಿಸಬಾರದು.

ಹಾಸಿಗೆಯಿಂದ ಏಳುತ್ತಿದ್ದಂತೆ ಅವಳಿಗೆ ಸಾಲು ಸಾಲು ಸೀನು, ಮಳೆಗಾಲದಲ್ಲಂತೂ ಕಣ್ಣುಮೂಗೆಲ್ಲ ತುರಿಕೆ. ಲ್ಯಾಬಿನಿಂದ ಬಂದ ವರದಿಯಲ್ಲಿ ಧೂಳಿನ ನುಸಿ, ಜಿರಳೆ, ಸಿಗಡಿ, ಏಡಿ, ಈ ನಾಲ್ಕರ ಮುಂದೆಯೂ ಕೆಂಪು ಗುರುತಿತ್ತು. ಅದನ್ನು ನೋಡಿದ ವೈದ್ಯರು, ಮಗು ಹಿಂದೆ ಸಿಗಡಿ ತಿಂದಿದೆಯೇ, ತಿಂದಾಗ ಏನಾಯಿತು ಎಂಬ ಒಂದು ಪ್ರಶ್ನೆಯನ್ನೂ ಕೇಳದೆ, ಸಿಗಡಿ, ಏಡಿ, ಮರುವಾಯಿಯ ಜೊತೆಗೆ ಮೀನನ್ನೂ ಜೀವನಪರ್ಯಂತ ಬಿಡಬೇಕೆಂದು ಬರೆದುಕೊಟ್ಟರು. ಅಜ್ಜಿ ಮಾಡಿದ ಸಿಗಡಿ ಸುಕ್ಕವನ್ನು ಚಿಕ್ಕಂದಿನಿಂದ ತಿಂದರೂ ಒಂದು ಗಂದೆಯೂ ಏಳದಿದ್ದ ಹುಡುಗಿಗೆ ಆಮೇಲೆ ಬೇರೆ ಬಾಣಲೆ, ಬೇರೆ ಸೌಟು. ನೆಂಟರ ಮನೆಯ ಊಟಕ್ಕೆ ಕುಳಿತರೆ ಪಕ್ಕದವರ ತಟ್ಟೆಯಿಂದ ತನ್ನ ತಟ್ಟೆಯನ್ನು ದೂರ ಸರಿಸಿಕೊಳ್ಳುವಷ್ಟು ಭಯ. ಸೀನು ಮಾತ್ರ ಕಿಂಚಿತ್ತೂ ಕಡಿಮೆಯಾಗಲಿಲ್ಲ.

ಕೊನೆಗೆ ನಾವು ಕಂಡ ಅಲರ್ಜಿ ತಜ್ಞೆ ವರದಿಯನ್ನು ಬದಿಗಿಟ್ಟು, ಏನು ತಿಂದಳು, ಎಷ್ಟು ತಿಂದಳು, ಎಷ್ಟು ಹೊತ್ತಿನ ಮೇಲೆ ಏನಾಯಿತು ಎಂದು ವಿಚಾರಿಸುವುದರಿಂದ ಆರಂಭಿಸಿದರು. ರಕ್ತದಲ್ಲಿ ಐಜಿಇ (ಅಲರ್ಜಿಗೆ ಸಂಬಂಧಿಸಿದ) ಪ್ರತಿಕಾಯ ಸಿಕ್ಕಿತೆಂದರೆ ದೇಹ ಆ ವಸ್ತುವನ್ನು ಗುರುತಿಸುತ್ತದೆ ಎಂದಷ್ಟೇ ಅರ್ಥ. ತಿಂದಾಗ ತೊಂದರೆಯಾದರೆ ಮಾತ್ರ ಅದು ಆಹಾರದ ಅಲರ್ಜಿ. ಸಿಗಡಿಯ ಸ್ನಾಯುವಿನಲ್ಲಿರುವ ಟ್ರೋಪೋಮಯೋಸಿನ್ ಎಂಬ ಪ್ರೋಟೀನು ಧೂಳಿನ ನುಸಿ ಮತ್ತು ಜಿರಳೆಯಲ್ಲಿರುವ ಅದೇ ಪ್ರೋಟೀನನ್ನು ಬಹುಮಟ್ಟಿಗೆ ಹೋಲುವುದರಿಂದ, ಹಾಸಿಗೆಯ ನುಸಿಯ ವಿರುದ್ಧ ಹುಟ್ಟಿದ ಪ್ರತಿಕಾಯ ಸಿಗಡಿಗೂ ಅಂಟಿಕೊಂಡು ಪರೀಕ್ಷೆಯನ್ನು ಪಾಸಿಟಿವ್ ಮಾಡಬಲ್ಲದು. ಟ್ರೋಪೋಮಯೋಸಿನ್ನೇ ಸಿಗಡಿಯ ಮುಖ್ಯ ಅಲರ್ಜಿಕಾರಕವೆಂದು 1993ರಲ್ಲಿ ಗುರುತಿಸಿದವರಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಿ.ವಿ. ಸುಬ್ಬರಾವ್ ಅವರೂ ಇದ್ದರು. ಧರ್ಮದ ಕಟ್ಟಳೆಯಿಂದ ಸಿಗಡಿಯನ್ನು ಎಂದೂ ತಿನ್ನದ, ಆದರೆ ನುಸಿಯ ಅಲರ್ಜಿಯಿದ್ದ ಯೆಹೂದಿಗಳ ರಕ್ತದಲ್ಲೂ ಸಿಗಡಿಗೆ ಅಂಟುವ ಪ್ರತಿಕಾಯ ಕಂಡುಬಂದಿದೆ. ಇಷ್ಟು ಹಳೆಯ ತಿಳಿವಳಿಕೆ ನಮ್ಮ ಊರಿನ ಕ್ಲಿನಿಕ್ಕಿಗೆ ಇನ್ನೂ ಬಂದಿಲ್ಲವೆಂಬುದು ನನಗೆ ನಿಜವಾಗಿಯೂ ನೋವಿನ ವಿಷಯ. ಮೀನನ್ನು ಬಿಡಿಸಿದ್ದಕ್ಕಂತೂ ಆಧಾರವೇ ಇರಲಿಲ್ಲ. ಮೀನಿನ ಅಲರ್ಜಿಗೆ ಮುಖ್ಯ ಕಾರಣ ಪಾರ್ವಾಲ್ಬುಮಿನ್ ಎಂಬ ಬೇರೆಯದೇ ಪ್ರೋಟೀನು.

ಅಲರ್ಜಿಯ ಮಾತ್ರೆಗಳನ್ನು ಮುಂಚಿತವಾಗಿ ನಿಲ್ಲಿಸಿ, ಮುಂಗೈಯ ಒಳಬದಿಯಲ್ಲಿ ನುಸಿ, ಸಿಗಡಿಗಳ ಸಾರದ ಹನಿಗಳನ್ನಿಟ್ಟು ಮೊನೆಯಿಂದ ಚುಚ್ಚಿ, ಕಾಲು ಗಂಟೆಯ ನಂತರ ಎದ್ದ ಗಂದೆಗಳನ್ನು ಅಳೆದರು. ನುಸಿಯದು ದೊಡ್ಡದಾಗಿ ಕೆಂಪೇರಿತ್ತು, ಸಿಗಡಿಯದು 3 ಮಿಲಿಮೀಟರ್ ಕೂಡ ಇರಲಿಲ್ಲ. ಅಷ್ಟಕ್ಕೇ ತೃಪ್ತರಾಗದೆ ಆಸ್ಪತ್ರೆಯಲ್ಲೇ ಕೂರಿಸಿ, ಬೇಯಿಸಿದ ಸಿಗಡಿಯನ್ನು ಚೂರಿನಿಂದ ಶುರುಮಾಡಿ ಹಂತಹಂತವಾಗಿ ಹೆಚ್ಚಿಸುತ್ತ ತಿನ್ನಿಸಿದರು. ಏನೂ ಆಗಲಿಲ್ಲ. ಚಿಕಿತ್ಸೆ ಬೇಕಾಗಿದ್ದದ್ದು ನುಸಿಯ ಅಲರ್ಜಿಗೆ: ಮೂಗಿಗೆ ಸ್ಪ್ರೇ, ದಿಂಬು ಹಾಸಿಗೆಗೆ ನುಸಿ ತಡೆಯುವ ಕವರು, ಹೊದಿಕೆಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯುವುದು.

ಆದರೆ ಇದನ್ನು ಓದಿ ಯಾರೂ ಮನೆಯಲ್ಲಿ ಸಿಗಡಿ ತಿನ್ನಿಸಿ ನೋಡುವ ಸಾಹಸಕ್ಕೆ ಇಳಿಯಬಾರದು. ನುಸಿಯ ಅಲರ್ಜಿಯ ಜೊತೆಗೆ ನಿಜವಾದ ಸಿಗಡಿ ಅಲರ್ಜಿಯೂ ಇರುವವರಿದ್ದಾರೆ, ಮತ್ತು ಟ್ರೋಪೋಮಯೋಸಿನ್ ಬೇಯಿಸಿದರೂ ಕೆಡುವುದಿಲ್ಲ. ತಿಂದ ಕೆಲವೇ ನಿಮಿಷಗಳಿಂದ ಒಂದೆರಡು ಗಂಟೆಯೊಳಗೆ ಮೈಮೇಲೆ ಗಂದೆ, ತುಟಿ ಊತ, ವಾಂತಿ ಎಂದಾದರೂ ಕಾಣಿಸಿದ್ದರೆ, ತಜ್ಞರು ನೋಡುವವರೆಗೆ ಸಿಗಡಿ ಏಡಿಗಳನ್ನು ಪೂರ್ತಿ ದೂರವಿಡಿ. ಉಸಿರು ಕಟ್ಟಿದರೆ ಅಥವಾ ತಲೆಸುತ್ತಿ ಬಿದ್ದರೆ ಅಲರ್ಜಿ ಮಾತ್ರೆ ನುಂಗಿಸಿ ಕಾಯುತ್ತ ಕೂರದೆ ತಕ್ಷಣ 108ಕ್ಕೆ ಕರೆ ಮಾಡಿ, ಏಕೆಂದರೆ ಆಗ ಮೊದಲು ಬೇಕಾದದ್ದು ತೊಡೆಯ ಸ್ನಾಯುವಿಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು.