ಡ್ರಮ್ಮು ತೊಳೆದ ನೀರು ಕಣಿಗೆ ಚೆಲ್ಲಿಸಿದೆ, ಮೀನು ಹೋಯಿತು

ಅಡಿಕೆ ತೋಟದ ಹೊಂಡದಲ್ಲಿ ಮೀನು ಸಾಕಿದವರು ಎರಡನೇ ಸಲ ಬೋರ್ಡೋ ಮದ್ದು (ಕೊಳೆರೋಗಕ್ಕೆ ಬಿಡುವ ಮೈಲುತುತ್ತು-ಸುಣ್ಣದ ನೀರು) ಬಿಡಿಸುವ ಮೊದಲು ಇದನ್ನು ಓದಿ. ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಕೇಳುತ್ತಿದ್ದೆನೋ ಇಲ್ಲವೋ, ಅದು ಬೇರೆ ಮಾತು.

ಮನೆ ಹಿಂದೆ 20 ಅಡಿ ಉದ್ದ, 15 ಅಡಿ ಅಗಲದ ಹೊಂಡ, 4 ಅಡಿ ನೀರು. ಎರಡು ವರ್ಷದ ಹಿಂದೆ ಬಿಟ್ಟ ಕಾಟ್ಲಾ, ರೋಹು ಮರಿಗಳು ಮೊಣಕೈಯಷ್ಟುದ್ದ ಬೆಳೆದಿದ್ದವು. ಅಮ್ಮ ದಡದಲ್ಲಿ ಪಾತ್ರೆ ತಟ್ಟಿದರೆ ಅನ್ನಕ್ಕೆ ಮೇಲೆ ಬರುತ್ತಿದ್ದವು.

ಜುಲೈಯಲ್ಲಿ ಮಳೆ ಒಂದು ದಿನ ಬಿಟ್ಟಿತೆಂದು ಮದ್ದು ಬಿಡುವವರನ್ನು ಕರೆಸಿದೆ. 200 ಲೀಟರ್ ಡ್ರಮ್ಮಿಗೆ 2 ಕೆಜಿ ಮೈಲುತುತ್ತು, 2 ಕೆಜಿ ಸುಣ್ಣ. ನೀರಿನ ಪೈಪು ಹತ್ತಿರವಾಗುತ್ತದೆಂದು ಡ್ರಮ್ಮು ಇಟ್ಟದ್ದು ಹೊಂಡದ ಮೇಲ್ಬದಿಯಲ್ಲಿ. ಸುಣ್ಣ ಸಾಕೇ ಎಂದು ಚೂರಿ ಅದ್ದಿ ನೋಡಿದೆವು, ಕೆಂಪು ಹಿಡಿಯಲಿಲ್ಲ, ಅಂದರೆ ಸಾಕು. (ಆ ಪರೀಕ್ಷೆ ಎಳೆ ಕಾಯಿ ಸುಡದಿರಲಿ ಎಂದು ಮಾಡುವುದು, ಮೀನಿಗಲ್ಲ.) ಸಂಜೆ ಮೋಡ ಕಟ್ಟುವಾಗ ತಳದಲ್ಲಿ 20 ಲೀಟರಿನಷ್ಟು ಉಳಿದಿತ್ತು.

"ಇದನ್ನೆಂತ ಮಾಡುದು ಅಣ್ಣ?"

"ಕಣಿಗೆ ಚೆಲ್ಲಿ, ಡ್ರಮ್ಮೂ ತೊಳೆದುಬಿಡಿ" ಎಂದವನು ನಾನೇ.

ರಾತ್ರಿ ಹೊಡೆದ ಮಳೆಗೆ, ತೋಟದ ನೀರು ಹರಿಯುವ ಆ ಕಣಿ ತುಂಬಿ ಹೊಂಡಕ್ಕೆ ಹರಿಯಿತು. ಬೆಳಿಗ್ಗೆ ಮೀನುಗಳೆಲ್ಲ ಬಾಯಿ ತೆರೆದು ಮೇಲೆಯೇ ಇದ್ದವು. ಗಾಳಿ ಸಾಲದೆಂದು ಪಂಪು ಹಾಕಿ ನೀರು ಚಿಮ್ಮಿಸಿದೆ. ಪ್ರಯೋಜನ ಸೊನ್ನೆ. ಮಧ್ಯಾಹ್ನಕ್ಕೆ ಒಂದೊಂದೇ ಹೊಟ್ಟೆ ಮೇಲೆ ಮಾಡಿ ತೇಲತೊಡಗಿದವು, ಕಿವಿರು ತುಂಬ ಲೋಳೆ.

ಮೀನುಗಾರಿಕೆ ಓದಿದ ನೆಂಟರೊಬ್ಬರು ಫೋನಿನಲ್ಲೇ ಲೆಕ್ಕ ಬಿಡಿಸಿದರು. 20 ಲೀಟರ್ ಮದ್ದಿನಲ್ಲಿ 200 ಗ್ರಾಂ ಮೈಲುತುತ್ತು, ಅದರಲ್ಲಿ ಕಾಲು ಪಾಲು, ಅಂದರೆ 50 ಗ್ರಾಂ, ತಾಮ್ರ. ಹೊಂಡದಲ್ಲಿ ಸುಮಾರು 34,000 ಲೀಟರ್ ನೀರು. ಲೀಟರಿಗೆ ಒಂದೂವರೆ ಮಿಲಿಗ್ರಾಂ ಬಿತ್ತು. ಕೇಳಿದರೆ ಏನೂ ಅಲ್ಲ ಅನಿಸುತ್ತದೆ. ಆದರೆ ತಾಮ್ರ ಹಿಡಿಯುವುದೇ ಕಿವಿರನ್ನು. ಸುಣ್ಣದ ಅಂಶವಿರುವ ಗಡಸು ನೀರಾಗಿದ್ದರೆ ಸ್ವಲ್ಪ ತಡೆಯುತ್ತಿತ್ತಂತೆ. ನಮ್ಮ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ನೆಲದ ನೀರು ಮೆದು, ಮೇಲಿಂದ ತುಸು ಹುಳಿ. ಬೋರ್ಡೋದಲ್ಲಿ ಸುಣ್ಣಕ್ಕೆ ಕಟ್ಟಿಕೊಂಡ ತಾಮ್ರವೂ ಅಂಥ ನೀರಿನಲ್ಲಿ ಬಿಟ್ಟುಕೊಳ್ಳುತ್ತದೆ. ಗಾಳಿ ಎಷ್ಟು ಹಾಕಿದರೂ ಅದು ಹೋಗುವುದಿಲ್ಲ, ಕೊನೆಗೆ ಕೆಸರಲ್ಲಿ ಕೂರುತ್ತದೆ.

ಸತ್ತ ಮೀನು ಸಾರಿಗಾಗುತ್ತದೆಂದು ಕೇಳಿದವರೂ ಇದ್ದರು. ಕೊಡಲಿಲ್ಲ, ಗುಂಡಿ ತೆಗೆದು ಹೂತೆ.

ಈಗ ಮದ್ದು ಕಲಸುವುದು ಕೊಟ್ಟಿಗೆಯಾಚೆ, ಹೊಂಡಕ್ಕಿಂತ ಕೆಳಗೆ. ಉಳಿದದ್ದು, ತೊಳೆದದ್ದು ಎರಡೂ ಕೊನೇ ಸಾಲಿನ ಮರಗಳಿಗೇ ಹೋಗುತ್ತದೆ. ಹೊಂಡದ ಮೇಲ್ಬದಿಗೆ ಒಂದಡಿ ಮಣ್ಣಿನ ಕಟ್ಟ ಹಾಕಿ ಕಣಿಯನ್ನು ಪಕ್ಕಕ್ಕೆ ತಿರುಗಿಸಿದ್ದೇನೆ. ಹೊಸ ಮರಿ ತರುವ ಮೊದಲು, ಹೊಂಡದ ನೀರಿಗೆ ತಳದ ಕೆಸರೂ ಸ್ವಲ್ಪ ಸೇರಿಸಿ ಬಕೆಟಿನಲ್ಲಿ ನಾಲ್ಕು ಮರಿ ಬಿಟ್ಟು ನೋಡಿದೆ. ಎರಡನೇ ದಿನ ಎರಡು ಸತ್ತವು. ಕೆಸರು ತೆಗೆಸಲೇಬೇಕು. ತೆಗೆದದ್ದನ್ನು ಮತ್ತೆ ಕಣಿಗೆ ಇಳಿಯದ ಹಾಗೆ ಎಲ್ಲಿ ಹಾಕುವುದು ಎಂಬುದೇ ಈಗಿನ ತಲೆಬಿಸಿ.